ಕೆಂಪಾಗದ ಮದರಂಗಿ

೧೮ ಜೂನ್, ಬುಧವಾರ

ಮದರಂಗಿ ಕೆಂಪಾಗಲಿಲ್ಲ. ಅದೊಂದೇ ತಲೆ ಕೊರೆಯುತ್ತಿದೆ.

ನಮ್ಮ ಗಾಬೆಸ್ ಊರಿನಲ್ಲಿ ಮದುಮಗಳ ಕೈಗೆ ತವರಿನ ತೋಟದ ಎಲೆಯನ್ನೇ ಅರೆದು ಹಚ್ಚಬೇಕು. ಬೆಳಿಗ್ಗೆ ಮಗಳು ರಫೀಕಾಳ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದರೆ ಒಣಹುಲ್ಲಿನ ಬಣ್ಣ. ನನ್ನಮ್ಮ ಸುಮ್ಮನಿರುವವಳೇ? "ನಿನ್ನ ಗಂಡ ದುಡಿಯೋ ಗೊಬ್ಬರದ ಕಾರ್ಖಾನೆ ಹೊಗೆ ಕುಡಿದು ಬೆಳೆದ ಗಿಡ ಕಣೇ. ಇಷ್ಟು ಬಂದಿದ್ದೇ ಹೆಚ್ಚು. ಪೇಟೆಯಿಂದ ಸೂಡಾನಿನ ಮದರಂಗಿ ಪುಡಿ ತರಿಸು."

ಹೊಗೆ ಸೋಸುವ ಯಂತ್ರ ಹಾಕಿಸಿ ಎಂದು ಮೇಲಿನವರಿಗೆ ಹೇಳಿ ಹೇಳಿ ಗಂಡ ಮೋಂಜಿಗೆ ಸಾಕಾಗಿದೆ. ಈ ವರ್ಷವೂ ಇಲ್ಲವಂತೆ. ಮಗಳ ಮದುವೆಗೆಂದು ಅವರು ಕೊಟ್ಟದ್ದು ಒಂದು ಚೀಲ ಗೊಬ್ಬರ.

"ಗಿಡದ ಬುಡಕ್ಕೆ ಹಾಕು, ಚೇತರಿಸ್ಕೊಳ್ಳತ್ತೆ" ಅಂದ. ತಮಾಷೆ ಮಾಡುತ್ತಿರಲಿಲ್ಲ. ಅದಕ್ಕೇ ಅಳು ಬಂತು.

ಪೇಟೆಯ ಪುಡಿ ರಫೀಕಾಗೆ ಬೇಡವಂತೆ. "ಇರ್ಲಿ ಬಿಡಮ್ಮಾ. ನಮ್ಮೂರಿನ ಬಣ್ಣ ಈಗ ಇದೇ ತಾನೆ?"

ಗಾಳಿ ಕಾರ್ಖಾನೆಯ ಕಡೆಯಿಂದ ಬೀಸುತ್ತಿದೆ, ಗಂಟಲು ಉರಿಯುತ್ತಿದೆ, ಕಿಟಕಿ ಮುಚ್ಚಬೇಕು. ಚೀಲ ಅಂಗಳದಲ್ಲೇ ಇದೆ. ನಾಳೆ ನಾನೇ ಅದನ್ನು ಬುಡಕ್ಕೆ ಸುರಿಯುತ್ತೇನೆ, ನನಗೆ ಗೊತ್ತು. ಸೊರಗಿದ ಗಿಡಕ್ಕೆ ಇನ್ನೇನು ಹಾಕಲಿ?