ಮೂವರ ತಪ್ಪುಗಳನ್ನು ನಾನೇ ಬರೆಸಿಕೊಟ್ಟೆ

ಮಾನ್ಯ ಪ್ರಾಂಶುಪಾಲರೇ,

ಇದನ್ನಾದರೂ ಓದಿ. ಮೊದಲ ಸಾಲು ನೋಡಿ, ಕೊನೆಯ ಪುಟಕ್ಕೆ ಹಾರಿ, ಕೆಂಪು ಶಾಯಿಯಲ್ಲಿ ಒಂದು ಗೀಟೆಳೆದು ಪಕ್ಕದ ಮೇಜಿಗೆ ತಳ್ಳುವ ಅಭ್ಯಾಸ ನಿಮ್ಮ ಕಾಲೇಜಿಗೆ ಇದೆ ಎಂದು ನನಗೆ ಗೊತ್ತು. ಗಾಳಿಮಾತು ಕೇಳಿ ಹೇಳುತ್ತಿಲ್ಲ, ಸಾಕ್ಷಿ ಇಟ್ಟುಕೊಂಡು ಹೇಳುತ್ತಿದ್ದೇನೆ. ಪತ್ರಿಕೆಯಲ್ಲಿ ಇದನ್ನು ಓದುತ್ತಾ ಕಾಫಿ ಕುಡಿಯುತ್ತಿರುವ ತಂದೆತಾಯಂದಿರೂ ಈಗಲೇ ನಗಬೇಡಿ. ನಿಮ್ಮ ಮಕ್ಕಳ ಪುಸ್ತಕವನ್ನು ಯಾರು ಬರೆಯುತ್ತಿದ್ದಾರೆ ಎಂದು ವಿಚಾರಿಸಿ ಬಂದು ಆಮೇಲೆ ನಗುವಿರಂತೆ.

ನನ್ನ ದೂರು ಇಷ್ಟು. ಶಿವಮೊಗ್ಗದ ನಿಮ್ಮ ಎಂಜಿನಿಯರಿಂಗ್ ಕಾಲೇಜು ಸುಳ್ಳು ಬರೆದ ಮೂವರಿಗೆ ಐವತ್ತಕ್ಕೆ ನಲವತ್ತಾರು ಅಂಕ ಕೊಟ್ಟಿದೆ. ಅದೇ ತಂಡದಲ್ಲಿದ್ದು ನಿಜ ಬರೆದ ಒಬ್ಬ ಹುಡುಗಿಗೆ ಹದಿನೇಳು ಕೊಟ್ಟು ಫೇಲು ಮಾಡಿದೆ. ಆ ಸುಳ್ಳು ಬರೆಸಿದವಳು ನಾನು. ಸುಳ್ಳು ಬರೆದವರಲ್ಲಿ ಒಬ್ಬಳು ನನ್ನ ಸ್ವಂತ ಮೊಮ್ಮಗಳು ಬಿಂದುಶ್ರೀ. ಇದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಿಮ್ಮಲ್ಲಿ ಮೂರನೇ ವರ್ಷದ ಮಕ್ಕಳು ನಾಲ್ಕು ನಾಲ್ಕು ಜನ ಸೇರಿ ಒಂದೊಂದು ಯಂತ್ರ ಮಾಡಬೇಕಂತೆ. ಯಂತ್ರದ ಜೊತೆಗೆ ಪ್ರತಿಯೊಬ್ಬರೂ ವಾರಕ್ಕೊಂದು ಪುಟದಂತೆ ಅವಲೋಕನ ಪುಸ್ತಕ ಬರೆಯಬೇಕಂತೆ. ಈ ವಾರ ಎಲ್ಲಿ ಎಡವಿದೆ, ಯಾಕೆ ಎಡವಿದೆ, ಜೊತೆಗಾರರೊಡನೆ ಕೂತು ಅದನ್ನು ಹೇಗೆ ಸರಿಪಡಿಸಿದೆ ಎಂದು. ಎಷ್ಟು ಒಳ್ಳೆಯ ಯೋಚನೆ. ಇದನ್ನು ಯಾರು ಹುಟ್ಟುಹಾಕಿದರೋ ಅವರ ಬುದ್ಧಿಗೆ ಕೈ ಮುಗಿಯುತ್ತೇನೆ. ನೀವು ಅದನ್ನು ಜಾರಿಗೆ ತಂದ ರೀತಿಗೆ ಮಾತ್ರ ಕೈ ಮೇಲೇಳುವುದಿಲ್ಲ.

ನಾನು ಗಾಜನೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಎಂಜಿನಿಯರಿಂಗ್ ವಿಚಾರ ಇವಳಿಗೇನು ಗೊತ್ತು ಎಂದು ನಿಮಗೆ ಅನ್ನಿಸಬಹುದು. ಮೂವತ್ತು ವರ್ಷದಿಂದ ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ನಡುಮನೆಯಲ್ಲಿ ಆರು ಹೆಂಗಸರು ಕೂತು ಉದ್ದಿನ ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುತ್ತೇವೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ಯಾಕೆಟ್ ಕಟ್ಟುವ ಮೊದಲು ಪ್ರತಿಯೊಬ್ಬಳೂ ತಾನು ಲಟ್ಟಿಸಿದ್ದರಲ್ಲಿ ಒಂದು ಹಪ್ಪಳ ತೆಗೆದು ಎಲ್ಲರೆದುರು ಕರಿಯಬೇಕು. ಅದರ ಕುಂದನ್ನು ಅವಳೇ ಮೊದಲು ಹೇಳಬೇಕು, ಆಮೇಲೆ ಉಳಿದವರು. ಒಮ್ಮೆ ಬಾಣಲೆಗೆ ಬಿಟ್ಟ ಹಪ್ಪಳ ಕೆಂಪಗೆ ಎದ್ದಿತು. ನಮ್ಮ ಸಣ್ಣಮ್ಮ ಜಾಲರಿ ಹಿಡಿದುಕೊಂಡೇ ಹೇಳಿದಳು, "ಅಕ್ಕಾ, ಇದು ನಂದೇ. ಮಾತಾಡ್ತಾ ಮಾತಾಡ್ತಾ ಸೋಡಾ ಎರಡು ಸಲ ಹಾಕ್ಬಿಟ್ಟೆ."

"ನೀನು ಬಾಯಿ ಮುಚ್ಕೊಂಡು ಹಿಟ್ಟು ಕಲಸಿದ್ದು ಯಾವತ್ತು ಮಾರಾಯ್ತಿ" ಎಂದೆ. ಅವಳೂ ನಕ್ಕಳು. ಇಡೀ ದಿನದ ಮಾಲು ತಿಪ್ಪೆಗೆ ಹೋಯಿತು. ಅವಳನ್ನು ಕೆಲಸದಿಂದ ಬಿಡಿಸಲಿಲ್ಲ. ಬಿಡಿಸಿದ್ದರೆ ಮುಂದಿನ ಸಲ ತಪ್ಪು ಮಾಡಿದವಳು ಬಾಯಿ ಬಿಡುತ್ತಿದ್ದಳೇ? ಸೋಡಾ ಹಾಕುವವಳು ಪಕ್ಕದವಳಿಗೆ ಕೂಗಿ ಹೇಳಿಯೇ ಹಾಕಬೇಕು ಎಂಬ ನಿಯಮ ಅವತ್ತು ಹುಟ್ಟಿತು. ಆಮೇಲೆ ಒಮ್ಮೆಯೂ ಹಪ್ಪಳ ಕೆಂಪಾಗಿಲ್ಲ. ಇದನ್ನೇ ನಿಮ್ಮ ಪುಸ್ತಕ ಅವಲೋಕನ ಎನ್ನುತ್ತದೆ ಎಂದು ಮೊಮ್ಮಗಳು ಹೇಳಿದಾಗ, ನಾವು ಇಷ್ಟು ವರ್ಷ ಎಂಜಿನಿಯರಿಂಗೇ ಮಾಡುತ್ತಿದ್ದೆವು ಎಂದು ಸಣ್ಣಮ್ಮ ಎರಡು ದಿನ ಬೀಗಿದಳು.

ಬಿಂದುಶ್ರೀಯ ತಂಡ ಹಪ್ಪಳ ಒತ್ತುವ ಯಂತ್ರ ಮಾಡಲು ಹೊರಟಿತು. ತಂಡದಲ್ಲಿ ಅವಳು, ವಿಷ್ಣು, ಯೋಗೇಶ್, ಮತ್ತು ನಮ್ಮ ಬೀದಿಯಾಚೆ ಗ್ಯಾರೇಜ್ ಇಟ್ಟಿರುವ ಇಲಿಯಾಸನ ಮಗಳು ರೂಹಿ. ನಾಲ್ವರೂ ಮೊದಲ ದಿನ ನಮ್ಮ ಮನೆಗೆ ಬಂದು, ಫೋಟೋ ಹಿಡಿದುಕೊಂಡು, ಅರ್ಧ ಡಬ್ಬಿ ಹಪ್ಪಳ ಖಾಲಿ ಮಾಡಿ ಹೋದರು. ಆಮೇಲೆ ಬಂದವಳು ರೂಹಿ ಒಬ್ಬಳೇ. ಹಿಟ್ಟಿನ ಉಂಡೆ ಕಟ್ಟಿಸಿಕೊಂಡು ಹೋಗುವಳು, ಅಪ್ಪನ ಗ್ಯಾರೇಜಿನಲ್ಲಿ ಒತ್ತುವಳು, ಒತ್ತಿದ್ದನ್ನು ತಂದು ನನಗೆ ತೋರಿಸುವಳು. "ಒಂದು ಅಂಚು ದಪ್ಪ ಬರ್ತಾ ಇದೆ ನೋಡು, ಅಲ್ಲಿ ಬೇಯಲ್ಲ" ಎಂದರೆ ಬೆರಳಲ್ಲಿ ಮುಟ್ಟಿ ನೋಡಿ ತಲೆಯಾಡಿಸುವಳು. ಕೊನೆಗೆ ಯಂತ್ರ ಸರಿಯಾಯಿತು. ಪ್ರದರ್ಶನದ ದಿನ ನಿಮ್ಮ ಅಧ್ಯಾಪಕರು ತಿಂದ ಹಪ್ಪಳ ಅದರದ್ದೇ. ಉಳಿದ ಮೂವರೂ ಇಸ್ತ್ರಿ ಅಂಗಿ ಹಾಕಿಕೊಂಡು ಯಂತ್ರದ ಪಕ್ಕ ನಿಂತಿದ್ದರು.

ಪುಸ್ತಕ ಕೊಡಲು ಮೂರು ದಿನ ಇರುವಾಗ, ಒಂದು ಭಾನುವಾರ ಮಧ್ಯಾಹ್ನ, ಬಿಂದುಶ್ರೀ ಖಾಲಿ ಪುಸ್ತಕ ತಂದು ನನ್ನೆದುರು ಕೂತಳು.

"ಅಜ್ಜಿ, ನಂಗೆ ಹದಿನಾಲ್ಕು ವಾರದ ತಪ್ಪು ಬೇಕು. ಇವತ್ತೇ."

"ಯಾಕೆ, ನೀನು ಮಾಡಿಲ್ವೇನೇ ತಪ್ಪು?"

"ಕೆಲ್ಸ ಮಾಡಿದ್ರೆ ತಾನೇ ತಪ್ಪಾಗೋದು."

"ಮೊಬೈಲ್ ಕೇಳು. ಅದಕ್ಕೆ ಎಲ್ಲಾ ಗೊತ್ತಲ್ಲ."

"ಅದು ಬರೆದದ್ದನ್ನ ಸರ್ ಹಿಡೀತಾರೆ. ಹಿಡಿಯೋಕೆ ಸಾಫ್ಟ್‌ವೇರ್ ಇದೆ. ನಿನ್ನ ಹಿಡಿಯೋ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ ಅಜ್ಜಿ."

ಈ ಮಾತಿಗೆ ನಾನು ಉಬ್ಬಿಹೋದೆ. ಕೆನ್ನೆಗೆ ಎರಡು ಬಿಟ್ಟು, ರೂಹಿಯ ಹತ್ತಿರ ಹೋಗಿ ಕೂತು ನಡೆದದ್ದನ್ನು ನಡೆದ ಹಾಗೆ ಬರಿ ಎನ್ನಬೇಕಿತ್ತು. ಎನ್ನಲಿಲ್ಲ. ಎಂಜಿನಿಯರಿಂಗ್ ಓದುವವಳಿಗೆ ನನ್ನ ಮಾತು ಬೇಕಾಯಿತಲ್ಲ ಎಂಬ ಸೊಕ್ಕು. ಗೋಡೆಗೆ ಒರಗಿ ಕೂತು ನಮ್ಮ ಆರು ಹೆಂಗಸರ ಮೂವತ್ತು ವರ್ಷದ ತಪ್ಪುಗಳನ್ನು ಒಂದೊಂದಾಗಿ ಹೇಳಿದೆ. ಯಾರು ಯಾರ ಮಾತು ಕೇಳದೆ ಕೆಡಿಸಿದರು, ಯಾರು ಮುನಿಸಿಕೊಂಡು ಎದ್ದುಹೋದರು, ಹೇಗೆ ವಾಪಸ್ ಕರೆದೆವು. ನಾನು ಕನ್ನಡದಲ್ಲಿ ಹೇಳಿದ್ದನ್ನು ಮೊಬೈಲು ಇಂಗ್ಲಿಷ್ ಮಾಡಿತು, ಮೊಮ್ಮಗಳು ಕೈಬರಹದಲ್ಲಿ ಇಳಿಸಿದಳು. ಸಂಜೆ ವಿಷ್ಣು ಮತ್ತು ಯೋಗೇಶ್ ಬಂದು ವಾರಗಳನ್ನು ಹಿಂದೆಮುಂದೆ ಮಾಡಿ ತಾವೂ ಬರೆದುಕೊಂಡರು. ಅವರಿಗೆ ಅವಲಕ್ಕಿ ಕಲಸಿಕೊಟ್ಟವಳೂ ನಾನೇ.

ಈಗ ಸಾಕ್ಷಿ ಕೇಳಿ. ಸಣ್ಣಮ್ಮ ಸೋಡಾ ಹೆಚ್ಚು ಹಾಕಿದ ಕತೆ ನನ್ನ ಮೊಮ್ಮಗಳ ಪುಸ್ತಕದಲ್ಲಿ ಒಂಬತ್ತನೇ ವಾರ ನಡೆದಿದೆ. ವಿಷ್ಣುವಿನ ಪುಸ್ತಕದಲ್ಲಿ ಐದನೇ ವಾರ, ಯೋಗೇಶನ ಪುಸ್ತಕದಲ್ಲಿ ಹನ್ನೊಂದನೇ ವಾರ. ಅವರಿಗೆ ಹಿಟ್ಟು ಕಲಸಿಕೊಟ್ಟವರು ನಾವು. ಆ ಮಕ್ಕಳು ಸೋಡಾ ಡಬ್ಬಿಯನ್ನು ಮುಟ್ಟಿಯೂ ಇಲ್ಲ. ಮೂರೂ ಪುಸ್ತಕದಲ್ಲಿ ಆ ಪುಟದ ಕೆಳಗೆ ನಿಮ್ಮ ಅಧ್ಯಾಪಕರು ಕೆಂಪು ಶಾಯಿಯಲ್ಲಿ "ಪ್ರಾಮಾಣಿಕ ಆತ್ಮಾವಲೋಕನ" ಎಂದು ಬರೆದಿದ್ದಾರೆ. ಮೂರು ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ್ದರೆ ಒಂದೇ ಸೋಡಾ ಮೂರು ಬೇರೆ ಬೇರೆ ವಾರ ಹೇಗೆ ಹೆಚ್ಚಾಯಿತು ಎಂದು ಕೇಳಬೇಕಿತ್ತಲ್ಲವೇ? ಓದುವ ಮನಸ್ಸಿಲ್ಲದವರು ಬರೆಸುವುದಾದರೂ ಯಾಕೆ?

ಫಲಿತಾಂಶ ಬಂದ ಮರುದಿನ ರೂಹಿ ನಮ್ಮ ಮನೆಗೆ ಬಂದಳು. ನಾನು ಎರವಲು ಕೊಟ್ಟಿದ್ದ ಲಟ್ಟಣಿಗೆ ವಾಪಸ್ ಕೊಡಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು, "ಅಜ್ಜಿ, ನನ್ನ ಬುಕ್ಕಲ್ಲಿ ತಪ್ಪೇನಿದೆ ಸ್ವಲ್ಪ ಹೇಳ್ತೀರಾ? ಕನ್ನಡದಲ್ಲಿ ಹೇಳ್ತೀನಿ, ಕೇಳಿ." ಕೂತು ಆರನೇ ವಾರದ ಪುಟ ತೆಗೆದಳು.

"ಕೆಳಗಿನ ತಟ್ಟೆ ಬಿರುಕು ಬಿಟ್ಟಿತು. ತಪ್ಪು ನನ್ನದು. ಯೋಗೇಶ್ ನಕ್ಷೆಯಲ್ಲಿ ಅಳತೆ ಬದಲಾಯಿಸಿದ್ದು ನನಗೆ ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಅವರಿಗಾಗಿ ಕಾಯುವುದಕ್ಕಿಂತ ಒಬ್ಬಳೇ ಮಾಡಿದರೆ ಬೇಗ ಮುಗಿಯುತ್ತದೆ ಅಂದುಕೊಂಡು ತಿರುಪು ಬಿಗಿ ಮಾಡಿದೆ. ನಾವು ನಾಲ್ವರು ಇದುವರೆಗೆ ಒಟ್ಟಿಗೆ ಕೂತದ್ದು ಎರಡೇ ಸಲ. ಅವರು ಬರಲಿಲ್ಲ ಎಂಬುದು ನಿಜ. ನಾನು ಕರೆಯಲಿಲ್ಲ ಎಂಬುದೂ ನಿಜ."

ಆ ಪುಟದ ಕೆಳಗೆ ನಿಮ್ಮವರ ಕೆಂಪು ಶಾಯಿ ಹೀಗಿತ್ತು: "ತಂಡದಲ್ಲಿ ಬೆರೆಯುವ ಗುಣವಿಲ್ಲ. ಸಹಪಾಠಿಗಳ ಮೇಲೆ ದೂರು."

"ಸರ್ ಕ್ಲಾಸಲ್ಲಿ ಬಿಂದು ಬುಕ್ ಓದಿದ್ರು ಅಜ್ಜಿ" ಎಂದಳು. "ಅದೇ ಸೋಡಾದ್ದು. ನೋಡಮ್ಮ, ಅವಲೋಕನ ಅಂದ್ರೆ ಹೀಗಿರ್ಬೇಕು, ಕಲ್ತ್ಕೋ ಅಂದ್ರು ನಂಗೆ. ಚೆನ್ನಾಗೇ ಬರ್ದಿದ್ಲು. ನಂಗೆ ಅಷ್ಟು ಬರಲ್ಲ."

ನಾನು ಏನು ಮಾಡಿದೆ ಗೊತ್ತೇ? ಕಾಫಿ ಬೇಕಾ ಎಂದು ಕೇಳಿದೆ. ಒಳಗೆ ಹೋಗಿ ಒಲೆಯೆದುರು ನಿಂತು ಹಾಲು ಉಕ್ಕುವವರೆಗೆ ಹೊರಗೆ ಬರಲಿಲ್ಲ. ಅವಳು ಕಾಫಿ ಕುಡಿದು, ಲೋಟ ತೊಳೆದಿಟ್ಟು, "ಬರ್ತೀನಿ ಅಜ್ಜಿ" ಎಂದು ಹೋದಳು. ಸುಳ್ಳು ಬರೆಸಿದ್ದಕ್ಕಿಂತ ಆ ದಿನದ ನನ್ನ ಮೌನಕ್ಕೆ ನನಗೆ ಹೆಚ್ಚು ನಾಚಿಕೆ. ಬರೆಸುವಾಗ ಸೊಕ್ಕಿತ್ತು ಎನ್ನಬಹುದು. ಸುಮ್ಮನಿದ್ದದ್ದು ಬರೀ ಹೇಡಿತನ.

ನಾಲ್ಕು ದಿನ ಹಪ್ಪಳದ ಮಣೆಯ ಮುಂದೆ ಕೂತು ಕಳೆದೆ. ಐದನೇ ದಿನ ಬಸ್ಸು ಹತ್ತಿ ಶಿವಮೊಗ್ಗಕ್ಕೆ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಂತೆ. ಗುಮಾಸ್ತರು ಬಹಳ ಮರ್ಯಾದೆಯಿಂದ ಕೂರಿಸಿದರು.

"ಅಂಕ ಜಾಸ್ತಿ ಮಾಡ್ಸೋಕಾ ಅಮ್ಮ? ಅದಕ್ಕೆ ಫಾರಂ ಇದೆ."

"ಕಡಿಮೆ ಮಾಡ್ಸೋಕೆ ಬಂದಿದೀನಪ್ಪ. ನನ್ನ ಮೊಮ್ಮಗಳದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದಕ್ಕೆ ಫಾರಂ ಇಲ್ವಲ್ಲಮ್ಮ. ಇದುವರೆಗೂ ಯಾರೂ ಕೇಳಿಲ್ಲ."

ಆಮೇಲೆ ಅಧ್ಯಾಪಕರು ಬಂದರು. ವಯಸ್ಸು ಚಿಕ್ಕದು, ಮುಖ ದಣಿದಿತ್ತು. ಎಲ್ಲ ಹೇಳಿದೆ. ಕೇಳಿಸಿಕೊಂಡರು. "ಅಜ್ಜಿ, ನೂರಾ ಎಂಬತ್ತು ಬುಕ್ಕು, ಒಂದು ವಾರ ಟೈಮು. ಹೆಂಗೆ ಓದ್ಲಿ ಹೇಳಿ" ಎಂದರು. ಅದು ನಿಜವಾದ ಮಾತು. ಆದರೆ ಮುಂದಿನ ಮಾತು ಕೇಳಿ. ನನ್ನ ಮೊಮ್ಮಗಳ ಪುಸ್ತಕ ಹೊರಗಿನಿಂದ ಬರುವ ತಪಾಸಣೆ ಸಮಿತಿಗೆ ತೋರಿಸಲು ಮಾದರಿ ಎಂದು ಗಾಜಿನ ಬೀರುವಿನಲ್ಲಿ ಕೂತಿದೆಯಂತೆ. "ಈಗ ಇದನ್ನ ಎಬ್ಬಿಸಿದ್ರೆ ಕಾಲೇಜಿಗೇ ಕೆಟ್ಟ ಹೆಸರು. ನೀವು ಸುಮ್ನಿದ್ರೆ ಎಲ್ರಿಗೂ ಒಳ್ಳೇದು" ಎಂದರು. ತನ್ನ ತಪ್ಪನ್ನು ತಾನೇ ನೋಡಿಕೊಳ್ಳುವುದನ್ನು ಕಲಿಸುವ ವಿಷಯದಲ್ಲಿ ಆದ ತಪ್ಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀರಿ. ಇದಕ್ಕೆ ಯಾವ ಅಂಕ ಕೊಡೋಣ, ನೀವೇ ಹೇಳಿ.

ಅಲ್ಲಿಂದ ನೇರ ಇಲಿಯಾಸನ ಗ್ಯಾರೇಜಿಗೆ ಹೋದೆ. ರೂಹಿಯೂ ಅಲ್ಲೇ ಇದ್ದಳು. ನಿಂತುಕೊಂಡೇ ಹೇಳಿಬಿಟ್ಟೆ. ಇಲಿಯಾಸ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಬೈದಿದ್ದರೆ ಹಗುರಾಗುತ್ತಿದ್ದೆ. "ಅಮ್ಮಾ, ಬಿಸಿಲಲ್ಲಿ ಬಂದಿದೀರಿ, ಕೂತ್ಕೊಳ್ಳಿ" ಎಂದ. ರೂಹಿ ಮಾತ್ರ ನನ್ನನ್ನೇ ನೋಡಿದಳು. "ಹಂಗಾದ್ರೆ ಅವತ್ತು ನಾನು ಓದ್ದಾಗ ನಿಮ್ಗೆ ಗೊತ್ತಿತ್ತು" ಎಂದಳು. ಹೌದು ಎಂದೆ. ಅವಳು ಬೇರೆ ಕಡೆ ತಿರುಗಿಕೊಂಡಳು. ಪತ್ರಿಕೆಗೆ ಬರೆಯುತ್ತೇನೆ, ನಿನ್ನ ಹೆಸರು ಹಾಕಲಾ ಎಂದು ಕೇಳಿದ್ದಕ್ಕೆ, ತಿರುಗದೆಯೇ, "ಹಾಕಿ. ನಾನೇನು ಕದ್ದಿಲ್ಲ" ಎಂದಳು.

ಮನೆಯಲ್ಲಿ ಮೊಮ್ಮಗಳು ಅತ್ತಳು. "ನೀನು ಬರೆದ್ರೆ ನಾನು ಕಾಲೇಜಿಗೆ ಹೆಂಗೆ ಹೋಗ್ಲಿ ಅಜ್ಜಿ?" ಎಂದಳು. "ದಿನಾ ಹೋಗೋ ಬಸ್ಸಲ್ಲೇ ಹೋಗು" ಎಂದೆ. ಮೂರು ದಿನ ನನ್ನ ಕೈಯ ಊಟ ಬಿಟ್ಟು ತಾನೇ ಬಡಿಸಿಕೊಂಡು ಉಂಡಳು. ನಿನ್ನೆ ಈ ಪತ್ರದ ಜೊತೆ ಕೊಡುವ ಹೇಳಿಕೆಗೆ ಸಹಿ ಹಾಕಿದ್ದಾಳೆ. ಯೋಗೇಶನೂ ಬಂದು ಹಾಕಿ ಹೋದ. ವಿಷ್ಣು ಫೋನ್ ಎತ್ತುತ್ತಿಲ್ಲ.

ಮಾನ್ಯರೇ, ಈ ಹದಿನೇಳು ಅಂಕ ಬರೀ ಹಾಳೆಯ ಮೇಲಿನ ಸಂಖ್ಯೆಯಲ್ಲ. ರೂಹಿ ಒಂದು ಕಾರ್ಖಾನೆಯಲ್ಲಿ ಆರು ತಿಂಗಳ ತರಬೇತಿಗೆ ಆಯ್ಕೆಯಾಗಿದ್ದಾಳೆ. ಮುಂದಿನ ತಿಂಗಳು ಒಂದನೇ ತಾರೀಖು ಸೇರಬೇಕು, ಒಂದು ವಿಷಯವೂ ಫೇಲಾಗಿರಬಾರದು. ತಂಡದಲ್ಲಿ ಬೆರೆಯುವುದಿಲ್ಲ ಎಂಬ ಷರಾ ನೋಡಿದ ಮೇಲೆ ಅವಳನ್ನು ಯಾರು ಒಳಗೆ ಬಿಡುತ್ತಾರೆ? ನಾಳೆ ಯಾವುದೋ ಕಾರ್ಖಾನೆಯಲ್ಲಿ ತಟ್ಟೆ ಬಿರುಕು ಬಿಟ್ಟಾಗ "ಇದು ನಂದೇ ತಪ್ಪು, ಯಂತ್ರ ನಿಲ್ಲಿಸಿ" ಎನ್ನುವವರು ನಿಮಗೆ ಬೇಕೋ, ಹದಿನಾಲ್ಕು ವಾರದ ಚಂದದ ತಪ್ಪುಗಳನ್ನು ಬೇರೆಯವರ ಮನೆಯಿಂದ ತರುವವರು ಬೇಕೋ? ತಪ್ಪು ಒಪ್ಪಿಕೊಂಡವಳಿಗೆ ಶಿಕ್ಷೆ ಎಂದು ಗೊತ್ತಾದ ಮೇಲೆ ಮುಂದಿನ ವರ್ಷದ ಮಕ್ಕಳು ಏನು ಬರೆಯುತ್ತಾರೆ ಎಂದು ಹೇಳಲು ನಾಲ್ಕನೇ ಕ್ಲಾಸು ಸಾಕು.

ನನ್ನ ಬೇಡಿಕೆ ಕೇಳಿ. ಆ ಪುಸ್ತಕವನ್ನು ಬೀರುವಿನಿಂದ ಇಳಿಸಿ. ನಾನು ಬರೆಸಿದ ಅಂಕ ಮೂವರಿಂದಲೂ ಕಿತ್ತುಕೊಳ್ಳಿ. ರೂಹಿಯ ಪುಸ್ತಕವನ್ನು ಓದುವ ವ್ಯವಧಾನ ಇರುವವರ ಕೈಗೆ ಕೊಡಿ. ನಾಲ್ವರನ್ನೂ ಅವರ ಯಂತ್ರದ ಸುತ್ತ ಕೂರಿಸಿ, ಕಾಗದ ಪೆನ್ನು ದೂರ ಇಟ್ಟು, ಎಲ್ಲಿ ಕೆಟ್ಟಿತು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೇಳಲು ಬಿಡಿ. ಅದಕ್ಕೆ ಅಂಕ ಇಡಬೇಡಿ. ಅಧ್ಯಾಪಕರು ಮೊದಲು ತಮ್ಮದನ್ನು ಹೇಳಲಿ. ಅವರ ತಲೆಯ ಮೇಲೆ ನೂರಾ ಎಂಬತ್ತು ಪುಸ್ತಕ ಹೇರಿದವರು ನೀವಾದರೆ, ಅವರಿಗಿಂತ ಮೊದಲು ನೀವು ಹೇಳಿ. ನನ್ನನ್ನೂ ಕರೆಯಿರಿ, ಬರುತ್ತೇನೆ. ರೂಹಿಯ ಎದುರು ಇನ್ನೊಮ್ಮೆ ಹೇಳುವುದು ನನಗೆ ಬಾಕಿ ಇದೆ.

ಅವಳ ತರಬೇತಿ ಒಂದನೇ ತಾರೀಖಿಗೆ ಶುರುವಾಗುತ್ತದೆ. ಮುಂದಿನ ತಿಂಗಳು ಹುಟ್ಟುವ ಮೊದಲು, ಅಂದರೆ ಈ ತಿಂಗಳ ಒಳಗೇ, ಉತ್ತರ ಬರೆಯಿರಿ. ನನಗೆ ಬರೆಯುವುದು ಬೇಡ, ಅವಳಿಗೆ ಬರೆಯಿರಿ. ನಿಮ್ಮ ಕೈಯಾರೆ.

ಇಂತಿ,
ತಲೆ ಎತ್ತದೆಯೇ ಸಹಿ ಹಾಕುತ್ತಿರುವ
ಹಾಲಮ್ಮ ಪರಮೇಶ್ವರಪ್ಪ
ಓಲ್ಡ್ ಟೌನ್, ಭದ್ರಾವತಿ