ದಡ ಸೇರದ ಕಟ್ಲಾ

ಮಾವನವರಿಗೆ ನಮಸ್ಕಾರ.

ಸೂಲೂರು ಕೆರೆಯಲ್ಲಿ ದೊಡ್ಡ ಕಟ್ಲಾ ಮೀನು ನನ್ನ ಕೈತಪ್ಪಿದ್ದು ನಿಜ. ದಡದ ಹತ್ತಿರವೇ ದಾರ ಕಡಿದು, ಕೊಕ್ಕೆ ಸಮೇತ ಹೋಯಿತು. ಸಿಟ್ಟಿನಲ್ಲಿ ನಿಮ್ಮ ಗಾಳದ ಕೋಲನ್ನು ನೆಲಕ್ಕೆ ಬಡಿದೆ, ಕ್ಷಮಿಸಿ.

ಬರಿಗೈಲಿ ಮನೆಗೆ ಬಂದೆ. ನಿಮ್ಮ ಮಗಳು ತೆನ್ಮೊಳಿ ಬಾಗಿಲಲ್ಲೇ ನಿಂತಿದ್ದಳು. “ಸಿಕ್ಲಿಲ್ವಾ? ದೇವ್ರೇ ಮುರುಗಾ, ಒಳ್ಳೇದೇ ಆಯ್ತು! ನಾನು ಬಸ್ರಿ. ಅಪ್ಪಂಗೆ ನೀವೇ ಹೇಳಿ,” ಎಂದು ಒಳಗೆ ಓಡಿದಳು. ಫೋನಿನಲ್ಲಿ ಹೇಳಲು ನನಗೂ ನಾಚಿಕೆ, ಅದಕ್ಕೇ ಈ ಕಾಗದ.

ಹೆಂಡತಿ ಬಸುರಿಯಾದರೆ ಗಂಡ ಜೀವ ತೆಗೆಯಬಾರದೆಂಬುದು ನಮ್ಮ ಮನೆಯ ಕಟ್ಟು. ಆ ಮೀನು ದಡ ಸೇರಿದ್ದರೆ ಅಮ್ಮ ಹೆರಿಗೆಯವರೆಗೂ ಹೆದರಿ ಸಾಯುತ್ತಿದ್ದಳು. ನಾನೂ ಅಷ್ಟೆ. ಹೋದ ಜೀವ ಬಂದಂತಾಗಿದೆ.

ಕೋಲು ಕಳಿಸಿದ್ದೇನೆ, ಮಗು ಹುಟ್ಟುವವರೆಗೆ ನಿಮ್ಮಲ್ಲೇ ಇರಲಿ. ಬಾಯಲ್ಲಿ ನನ್ನ ಕೊಕ್ಕೆ ಇರುವ ಕಟ್ಲಾ ನಿಮಗೇನಾದರೂ ಸಿಕ್ಕರೆ, ಕೊಕ್ಕೆಯನ್ನು ನೋಯದಂತೆ ಬಿಡಿಸಿ ನೀರಿಗೆ ಬಿಟ್ಟುಬಿಡಿ.

ನಿಮ್ಮ ಅಳಿಯ,
ದೀನದಯಾಳನ್