ಇಬ್ಬರೂ ನಿಮ್ಮವರ ಏನ?

ದೇಸೂರ
೧೨ ಜನವರಿ ೨೦೨೫, ಭಾನುವಾರ

ನೇತ್ರಾ,

ನೀನು ಅಲ್ಲಿ ಕ್ಷೇಮವಾಗಿದ್ದೀ ಎಂದು ನಿನ್ನ ಮೆಸೇಜುಗಳಿಂದ ತಿಳಿಯಿತು. ನಾನೂ ಇಲ್ಲಿ ಉಂಡು ತಿಂದು ಇದ್ದೇನೆ. ಮೂರು ವಾರ ಉತ್ತರ ಕೊಡದಿದ್ದಕ್ಕೆ ಮೊದಲು ಕ್ಷಮೆ ಕೇಳಿ, ಆಮೇಲೆ ಉಳಿದದ್ದು ಬರೆಯೋಣ ಅಂದುಕೊಂಡು ಕುಳಿತೆ. ಪೆನ್ನು ಹಿಡಿದ ಮೇಲೆ ಯಾಕೆ ಕೇಳಬೇಕು ಅನ್ನಿಸಿತು. ಕೇಳುವುದಿಲ್ಲ.

ಮೊಬೈಲಿನಲ್ಲಿ ಬರೆದರೆ ಏನಾಗುತ್ತದೆ ಗೊತ್ತಲ್ಲ? ನೀನು ಅರ್ಧ ಓದುತ್ತೀ, ಎರಡು ಕೈ ಮುಗಿದ ಚಿತ್ರ ಒಂದು ಹಾಕುತ್ತೀ, ಮುಗಿಯಿತು. ಕಾಗದವನ್ನಾದರೆ ಬಿಡಿಸಿ ಹಿಡಿದುಕೊಂಡು ಕೂರಬೇಕು. ಕೂತು ಓದು.

ನನ್ನ ಸುದ್ದಿ ಇಷ್ಟು. ಕಾಡವ್ವತ್ತೆಯ ಮನೆಯಲ್ಲಿದ್ದೇನೆ. ಅಪ್ಪನ ಅಕ್ಕ, ನೀನು ನೋಡಿದ್ದೀ, ನಮ್ಮ ಊರಿಗೆ ಬಂದಾಗ ನಿನ್ನ ಕೂದಲು ಹಿಡಿದು ನೋಡಿ ಎಣ್ಣೆ ಕಾಣದ ತಲೆ ಎಂದು ಬೈದಿದ್ದಳು. ಇಲ್ಲಿ ಒಂದೇ ಕೋಣೆ, ಆಚೆ ಮೂರು ಆಡು. ಬೆಳಿಗ್ಗೆ ರೈಲು ಹಿಡಿದು ಬೆಳಗಾವಿಗೆ ಬಂದು ಲ್ಯಾಬಿನಲ್ಲಿ ಮಂದಿಯ ರಕ್ತ ತೆಗೆಯುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸು. ಅತ್ತೆ ಯಾಕೆ ಬಂದೆ ಎಂದು ಇನ್ನೂ ಕೇಳಿಲ್ಲ. ಮೊನ್ನೆ ಮಾತ್ರ ರೊಟ್ಟಿ ಬಡಿಯುತ್ತ, ಆ ಗೌಡರ ಹುಡುಗಿ ಒಬ್ಬಳೇ ಹೇಗಿರುತ್ತಾಳೆ, ಅವಳಿಗೆ ಒಲೆ ಹಚ್ಚಲಿಕ್ಕೂ ಬರುವುದಿಲ್ಲವಲ್ಲ ಅಂದಳು. ಈಗ ಒಲೆ ಹಚ್ಚುವುದಿಲ್ಲ, ಗ್ಯಾಸು ಅಂದೆ. ನಿನ್ನ ಪರವಾಗಿ ಮಾತಾಡಿದ್ದಕ್ಕೆ ಆಮೇಲೆ ನನ್ನ ಮೇಲೆಯೇ ಸಿಟ್ಟು ಬಂತು.

ನಿನ್ನ ಹನ್ನೊಂದು ಮೆಸೇಜನ್ನೂ ಓದಿದ್ದೇನೆ. ಏಳನೆಯದರಲ್ಲಿ ‘ಬಾಯಿ ತಪ್ಪಿ ಬಂದ ಒಂದು ಮಾತಿಗೆ ಇಷ್ಟು ದಿನದ ಗೆಳೆತನ ಬಿಡ್ತೀ ಏನು?’ ಎಂದು ಕೇಳಿದ್ದೀ. ಒಂದು ಮಾತಲ್ಲ ನೇತ್ರಾ. ಒಂದು ಮಾತಾಗಿದ್ದರೆ ನಾಲ್ಕು ಬೈದು, ನಿನ್ನ ಖರ್ಚಿನಲ್ಲಿ ಕುಂದಾ ತಿಂದು ಸುಮ್ಮನಾಗುತ್ತಿದ್ದೆ. ಅದು ಜೂನ್ ತಿಂಗಳಿಂದ ದಿನಾ ಆಡಿದ ಮಾತು.

ನೆನಪಿದೆಯೋ ಇಲ್ಲವೋ. ನಿನಗೆ ಶಾಲೆಯಲ್ಲಿ ನೌಕರಿ, ನನಗೆ ಲ್ಯಾಬಿನಲ್ಲಿ, ಒಂದೇ ವಾರದಲ್ಲಿ ಸಿಕ್ಕಿತು. ನೀನು ಎರಡು ದಿನ ಮೊದಲೇ ಬಂದು ಮಹಾಂತೇಶ ನಗರದಲ್ಲಿ ಶಿವಬಸವ್ವ ಕಾಕುವಿನ ಮನೆಯ ಮೇಲಿನ ಕೋಣೆ ಗೊತ್ತು ಮಾಡಿದೆ. ನಾನು ಗಂಟು ಹೊತ್ತುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ಕೋಣೆಯ ಸುದ್ದಿ ಬಿಟ್ಟು ನೀನು ಮೊದಲು ಹೇಳಿದ್ದು, ಇವತ್ತಿನಿಂದ ನೀನು ನಮ್ಮ ಕಾಕಾನ ಮಗಳು ಎಂದು. ಯಾಕೆ ಅಂದರೆ, ಕಾಕು ‘ಇಬ್ರೂ ನಿಮ್ಮವರ ಏನ?’ ಎಂದು ಕೇಳಿದರಂತೆ. ನೀನು ಹೌದು ಅಂದುಬಿಟ್ಟೆಯಂತೆ.

ನಾನು ನಕ್ಕೆ. ಅದೇ ನನ್ನ ಮೊದಲ ತಪ್ಪು. ಹೊಸ ಊರು, ಜಾಗ ಸಿಕ್ಕರೆ ಸಾಕು, ನಾಲ್ಕು ದಿನದ ನಾಟಕ ಅಂದುಕೊಂಡೆ. ನಿನಗೆ ಮರಾಠಿ ಬರುವುದಿಲ್ಲ. ಕುರಿಯ ಹಿಂದೆ ತಿರುಗಿದ ಅಪ್ಪನ ಜೊತೆ ಮರಾಠಿ ಮಾತಿನ ಊರುಗಳನ್ನೆಲ್ಲ ಕಂಡ ನನಗೆ ಬರುತ್ತದೆ. ಪೇಟೆಯಲ್ಲಿ ಸೊಪ್ಪು ಮಾರುವ ಬಾಜಿಯವಳ ಜೊತೆ ಜಗಳಕ್ಕೆ, ರಿಕ್ಷಾದವನ ಜೊತೆ ಚೌಕಾಶಿಗೆ ನಾನು ಮುಂದೆ, ನೀನು ನನ್ನ ಬೆನ್ನಿಗೆ. ತಪ್ಪು ಬಸ್ ಹತ್ತಿ ಊರಾಚೆ ಇಳಿದು ಅತ್ತವಳು ನೀನು, ಕರೆದುಕೊಂಡು ಬಂದವಳು ನಾನು. ಗೇಟಿನ ಒಳಗೆ ಬಂದ ಕೂಡಲೇ ಮಾತ್ರ ನಾನು ನಿನ್ನ ಬೆನ್ನಿಗೆ. ಹಣೆಗೆ ವಿಭೂತಿ ಹಚ್ಚಿಕೋ, ತತ್ತಿಯ ಹೆಸರೆತ್ತಬೇಡ, ಬೀರದೇವರ ಜಾತ್ರೆ ಎಂದು ಬಾಯಿ ಬಿಡಬೇಡ. ಕಾಕು ಒಮ್ಮೆ ನನ್ನ ಕೊರಳು ನೋಡಿ ಲಿಂಗ ಎಲ್ಲಿ ಎಂದು ಕೇಳಿದಾಗ, ಊರಲ್ಲಿ ದೇವರ ಜಗಲಿಯ ಮೇಲೆ ಬಿಟ್ಟು ಬಂದಿದ್ದಾಳೆ ಎಂದು ನೀನೇ ಉತ್ತರ ಕೊಟ್ಟೆ. ಅವ್ವ ಕಟ್ಟಿಕೊಟ್ಟ ಬೀರದೇವರ ಭಂಡಾರದ ಅರಿಶಿನವನ್ನು ನಾನು ಹಣೆಗಿಡುವ ಟಿಕಳಿಯ ಡಬ್ಬಿಯಲ್ಲಿ ಮುಚ್ಚಿಟ್ಟು, ಲ್ಯಾಬಿಗೆ ಹೋಗುವ ದಾರಿಯಲ್ಲಿ ಬೆರಳ ತುದಿಯಿಂದ ಹಚ್ಚಿಕೊಂಡು, ಸಂಜೆ ತಿರುವಿನಲ್ಲಿ ಒರೆಸಿಕೊಂಡು ಬರುತ್ತಿದ್ದೆ. ನೀನು ನೋಡುತ್ತಿದ್ದೆ. ಬೇಡ ಬಿಡು, ಹಚ್ಚಿಕೊಂಡೇ ಬಾ ಎಂದು ಒಂದು ದಿನವೂ ಅನ್ನಲಿಲ್ಲ.

ಖಾನಾಪುರದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಡಬ್ಬಿಯಲ್ಲಿ ಉಂಡೆವು. ನಮ್ಮೂರು ಪಾರಿಶ್ವಾಡದಲ್ಲಿ ನಿಮ್ಮ ಹೊಲಕ್ಕೆ ಗೊಬ್ಬರವಾಗಲಿ ಎಂದು ನಿಮ್ಮಪ್ಪ ತಮ್ಮಣ್ಣ ಗೌಡರು ತಾವಾಗಿ ಬಂದು ನಮ್ಮ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ‘ಬಂಡೆಪ್ಪಾ, ಈ ವರ್ಷ ನಮ್ಮ ಹೊಲ ಮರೀಬ್ಯಾಡ’ ಎಂದು ನಮ್ಮ ಬಾಗಿಲಲ್ಲಿ ನಿಂತು ಅಪ್ಪನನ್ನು ಕೇಳುತ್ತಿದ್ದರು. ನಾವು ನಿಮ್ಮ ಮನೆಯ ಆಳಾಗಿ ದುಡಿದವರಲ್ಲ. ಇದು ನಿನಗೆ ಗೊತ್ತಿಲ್ಲದೆ ಇದ್ದಿದ್ದರೆ ನಾನು ಈ ಕಾಗದ ಬರೆಯುತ್ತಲೇ ಇರಲಿಲ್ಲ.

ಈಗ ಆ ಭಾನುವಾರದ ಮಾತಿಗೆ ಬರುತ್ತೇನೆ. ನೀನು ಮೆಸೇಜಿನಲ್ಲಿ ‘ಅವತ್ತಿನ ವಿಷಯ’ ಎಂದು ಬರೆಯುತ್ತೀ. ವಿಷಯಕ್ಕೆ ಹೆಸರಿದೆ. ಸಾವಂತ್ರವ್ವ ಎಂದು. ನನ್ನ ಅವ್ವ.

ಬೆಳಗಾವಿಯ ಚಳಿಗೆ ಮಗಳು ನಡುಗುತ್ತಾಳೆ ಎಂದು ಅಪ್ಪ ತಾನು ಬೇರೆ ತೆಗೆದಿಟ್ಟಿದ್ದ ಮರಿಗಳ ಮೊದಲ ಸಲದ ಉಣ್ಣೆಯಿಂದಲೇ ಕಂಬಳಿ ನೇಯಿಸಿದ್ದ. ಹದಿನೆಂಟು ಕುರಿ ಉಳಿದಿವೆ ಈಗ. ಎರಡು ವರ್ಷದಿಂದ ಕೂಡಿಸಿಟ್ಟುಕೊಂಡು ಬಂದ ಉಣ್ಣೆ ಅದು. ಅವ್ವ ಒಬ್ಬಳೇ ಬೆಳಗಾವಿಗೆ ಬಂದದ್ದು ಅದೇ ಮೊದಲು. ನಾನು ಬರೆದುಕೊಟ್ಟ ವಿಳಾಸದ ಚೀಟಿ ಹಿಡಿದು ಕಂಡಕಂಡವರಿಗೆ ತೋರಿಸುತ್ತ ಬಂದಿದ್ದಳು. ಹಣೆಯ ತುಂಬ ಭಂಡಾರ, ಕಂಕುಳಲ್ಲಿ ಕಂಬಳಿ, ಕೈಯಲ್ಲಿ ರೊಟ್ಟಿಯ ಗಂಟು. ಕಾಕು ಅಂಗಳದ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು, ನೀನು ಬಟ್ಟೆ ಒಣಹಾಕುತ್ತಿದ್ದೆ. ಅವ್ವ ಗೇಟು ತೆಗೆದು ಮೊದಲು ಕರೆದದ್ದು ನಿನ್ನನ್ನು. ನೇತ್ರವ್ವಾ ಎಂದು ಅಷ್ಟು ದೂರದಿಂದ ನಗುತ್ತ ಕರೆದಳು. ನಾನು ಆ ಧ್ವನಿ ಕೇಳಿಯೇ ಮೇಲಿನಿಂದ ಓಡಿ ಬಂದೆ.

ಕಾಕು ಯಾರಿವಳು ಎಂದು ಕೇಳಿದರು. ನೀನು ಹಿಂಡುತ್ತಿದ್ದ ಲಂಗವನ್ನು ಬಿಡದೆ ಹೇಳಿದೆ:

“ನಮ್ಮ ಹೊಲಕ್ಕ ಬರೂ ಆಳರಿ ಕಾಕು. ಕಂಬಳಿ ಮಾರಾಕ ಬಂದಾಳ.”

ನಾನು ಮೆಟ್ಟಿಲ ಅರ್ಧದಲ್ಲಿದ್ದೆ. ಅವ್ವ ನಿನ್ನನ್ನು ನೋಡಿದಳು, ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಹಣೆಯ ವಿಭೂತಿಯನ್ನೂ ನೋಡಿದಳು. ಸಾಲಿ ಕಲಿಯದವಳು, ಆದರೆ ಅಷ್ಟರಲ್ಲೇ ಎಲ್ಲ ಓದಿಕೊಂಡಳು. ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ಕಾಕು ಕೈಯಾಡಿಸಿ, ಬಹಳ ಮೆತ್ತಗಿದೆ, ಏನು ಕೊಡಲಿ ಎಂದು ಕೇಳಿದರು. ನಿಮಗ ತಿಳಿದಷ್ಟ ಕೊಡ್ರಿ ಅಂದಳು. ಬೆಲೆಯ ಮಾತು ಆಯಿತು, ಕಂಬಳಿ ಒಳಗೆ ಹೋಯಿತು.

ಕಾಕು ಕೆಟ್ಟವರಲ್ಲ. ಚಹಾ, ಅವಲಕ್ಕಿ ಕೊಟ್ಟರು. ಅವ್ವ ಕಟ್ಟೆಯ ಕೆಳಗೆ, ನೆಲದ ಮೇಲೆ ಕೂತು ತಿಂದಳು. ಯಾರೂ ಹೇಳದಿದ್ದರೂ ಬಟ್ಟಲು ತಾಟು ಎರಡನ್ನೂ ನಳದ ಕೆಳಗೆ ತೊಳೆದು ಬೋರಲು ಹಾಕಿದಳು. ನಿಮ್ಮ ಮನೆಯ ಕಟ್ಟೆಯ ಮೇಲೆ ನಿನ್ನ ಅವ್ವನ ಬಾಜೂ ಕೂತು ಎಲೆ ಅಡಿಕೆ ಹಾಕುವವಳು ಅವಳು. ಆಮೇಲೆ ರೊಟ್ಟಿಯ ಗಂಟನ್ನು ನಿನ್ನ ಕೈಗೆ ಕೊಟ್ಟು, ಇದನ್ನು ನಿಮ್ಮ ಮನೆಯಿಂದ ಕೊಟ್ಟಿದ್ದಾರೆ ಅಂದಳು. ನಿನ್ನ ಸುಳ್ಳಿಗೆ ಎಲ್ಲಿಯೂ ತೂತು ಬೀಳಬಾರದು ಎಂದು ತಾನೂ ಒಂದು ಸುಳ್ಳಿನ ತೇಪೆ ಹಚ್ಚಿ ಹೋದಳು.

ಅವತ್ತು ಮಧ್ಯಾಹ್ನ ನಾನು ರೊಟ್ಟಿ ಮುಟ್ಟಲಿಲ್ಲ. ನೀನು ತಿಂದೆ. ಅಳುತ್ತ ತಿಂದೆ, ಆದರೆ ಎರಡು ತಿಂದೆ. ಹಸಿವಾಗಿತ್ತು ಅಂದೆ.

ಆಮೇಲೆ ಹತ್ತು ದಿನ ನಾನು ಆ ಮನೆಯಲ್ಲೇ ಇದ್ದೆ. ದಿನಾ ಮೆಟ್ಟಿಲು ಇಳಿಯುವಾಗ ಕಿಟಕಿಯಲ್ಲಿ ಕಾಕುವಿನ ಮಂಚ, ಮಂಚದ ಮೇಲೆ ಕಂಬಳಿ. ಅಷ್ಟರಲ್ಲಿ ಅಪ್ಪನ ಫೋನು ಬಂತು. “ಕಂಬಳಿ ಹೊಚ್ಚಕೊಂತಿ ಇಲ್ಲ? ಚುಚ್ಚತೈತೇನ?” ಎಂದು ಕೇಳಿದ. ಅವ್ವ ಅವನಿಗೆ ಏನೂ ಹೇಳಿರಲಿಲ್ಲ. ಚುಚ್ಚುವುದಿಲ್ಲ, ಬೆಚ್ಚಗಿದೆ ಅಂದೆ. ಮರಿಯ ಉಣ್ಣೆ ಎಂದು ಅವನು ಇನ್ನೊಮ್ಮೆ ಹೇಳಿದ. ಗೊತ್ತಪ್ಪ ಅಂದೆ.

ನಾನು ಮನೆ ಬಿಟ್ಟ ದಿನ ಏನಾಯಿತು ಎಂದು ನಿನಗೆ ಕಾಕು ಎಷ್ಟು ಹೇಳಿದ್ದಾರೋ ತಿಳಿಯದು. ನೀನು ಶಾಲೆಗೆ ಹೋಗಿದ್ದೆ. ತಿಂಗಳಿಗೊಮ್ಮೆ ಅವರ ಸಕ್ಕರೆ ನೋಡಲು ರಕ್ತ ತೆಗೆಯುತ್ತೇನಲ್ಲ, ಅದಕ್ಕೆ ಕೆಳಗೆ ಹೋದೆ. ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಿದ್ದೆ. ಕಾಕು ಕಾಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತ, ಆ ಹೆಂಗಸು ಮತ್ತೆ ಬಂದರೆ ಹೇಳು, ಇನ್ನೊಂದು ತೆಗೆದುಕೊಳ್ಳುತ್ತೇನೆ ಅಂದರು. ನನ್ನ ಕೈಯಲ್ಲಿ ಸೂಜಿ ಇತ್ತು. ಅದನ್ನು ಕೆಳಗಿಟ್ಟೆ.

“ಆಕಿ ನಮ್ಮವ್ವರಿ, ಕಾಕು.”

ಅವರು ಕಾಲ ಮೇಲಿನ ಕಂಬಳಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು:

“ನಿಮ್ಮವರ ಏನ ಅಂದ್ರ, ಗುರ್ತಿನವರೇನ ಅಂತ ನಾ ಕೇಳಿದ್ದು, ತಂಗಿ. ಯಾರ್‍ಯಾರನ್ನೋ ಹೆಂಗ ಇಟ್ಕೊಳ್ಳಲಿ? ನಿಮಗ ಸುಳ್ಳ ಹೇಳ್ರಿ ಅಂತ ಯಾರ ಅಂದಿದ್ರು?”

ಇದು ನಿಜವೋ, ಅವರೂ ಆ ಗಳಿಗೆಗೆ ಹೊಂದಿಸಿಕೊಂಡು ಹೇಳಿದರೋ, ನನಗೆ ಗೊತ್ತಿಲ್ಲ. ಲಿಂಗ ಎಲ್ಲಿ ಎಂದು ಕೇಳಿದವರೂ ಅವರೇ ಅಲ್ಲವೇ. ಆದರೆ ನಿಜ ಹೇಳಿ ಬಾಗಿಲು ಹಾಕಿಸಿಕೊಂಡಿದ್ದರೆ ಅವರನ್ನು ಬೈಯಬಹುದಿತ್ತು. ನೀನು ಬಾಗಿಲನ್ನೇ ತಟ್ಟಲಿಲ್ಲ. ನಾನು ಯಾರು ಎಂದು ಹೇಳಿದರೆ ನನಗೆ ಜಾಗ ಸಿಗುವುದಿಲ್ಲ ಎಂದು ಅವರು ಹೇಳಲಿಲ್ಲ, ನೀನು ತೀರ್ಮಾನ ಮಾಡಿದೆ. ಹಾಗಾದರೆ ಆ ಮಾತು ಮೊದಲು ಇದ್ದದ್ದು ಯಾರ ತಲೆಯಲ್ಲಿ? ಇದನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ ನನಗೆ. ಈಗಲೂ ಬರೆಯುತ್ತ ಉರಿಯುತ್ತಿದೆ.

ಕಾಕು ಕಂಬಳಿ ಮಡಚಿ, ಒಯ್ಯಿ ಅಂದರು. ನಾನು ತೆಗೆದುಕೊಳ್ಳಲಿಲ್ಲ. ಅವ್ವ ಮಾರಿ ಹೋದದ್ದನ್ನು ನಾನು ಯಾವ ಮುಖ ಇಟ್ಟುಕೊಂಡು ಇಸಿದುಕೊಳ್ಳಲಿ? ರಕ್ತ ತೆಗೆದು, ಹತ್ತಿ ಒತ್ತಿ ಹಿಡಿಯಲು ಹೇಳಿ, ಮೇಲೆ ಬಂದು ಗಂಟು ಕಟ್ಟಿದೆ.

ಈ ಸಂಕ್ರಾಂತಿಗೆ ವಾಪಸು ಬಂದುಬಿಡು, ಕಾಕುವೂ ಕರೆಯುತ್ತಿದ್ದಾರೆ ಎಂದು ನೀನು ಬರೆದಿದ್ದೀ. ಆ ಕೋಣೆಗೆ ನಾನು ಬರುವುದಿಲ್ಲ. ನನ್ನ ಪಾತ್ರೆಗಳನ್ನು ನೀನೇ ಬಳಸು. ಗೆಳೆತನ ಬಿಟ್ಟೆ ಎಂದು ಇನ್ನೂ ಬರೆದಿಲ್ಲ ನೋಡು. ಮೂರು ವಾರದಲ್ಲಿ ನಾಲ್ಕು ಸಲ ಬರೆದು ಹರಿದೆ. ನಿನಗೆ ಉಳಿಸಿಕೊಳ್ಳುವ ಮನಸ್ಸಿದ್ದರೆ ನನಗೆ ಸಾರಿ ಹೇಳುವುದನ್ನು ನಿಲ್ಲಿಸು. ಬರುವ ಭಾನುವಾರ ನಾನು ಪಾರಿಶ್ವಾಡಕ್ಕೆ ಹೋಗುತ್ತೇನೆ. ಅವ್ವನ ಎದುರು ನಾನೂ ಹೇಳಬೇಕಾದದ್ದಿದೆ, ಒಬ್ಬಳೇ ಹೋದರೆ ಬಾಯಿ ಬರುವುದಿಲ್ಲ. ನೀನೂ ಬಾ. ಬಂದು ನೀನು ಆಡಿದ ಮಾತನ್ನು ಅವಳ ಎದುರು ಇನ್ನೊಮ್ಮೆ ಆಡಿ ತೋರಿಸು. ಆಡಲಿಕ್ಕೆ ಆಗದಿದ್ದರೆ ಅವಳ ಕಾಲ ಬಳಿ ಸುಮ್ಮನೆ ಕೂತು ಬಾ. ಅವಳು ನಿನ್ನನ್ನು ಬೈಯುವುದಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿದ್ದು ಇಷ್ಟೇ: “ನೇತ್ರವ್ವ ಉಣ್ತಾಳಿಲ್ಲ? ಆಕಿಗಿ ಏನೂ ಅನಬ್ಯಾಡ, ಅಂಜಬುರುಕಿ ಅದು.”

ಬೀರದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ಹೆಸರು ಬಾಯಿಬಿಟ್ಟೇ ಹೇಳುತ್ತಿದ್ದೇನೆ. ನಿನ್ನ ಶಾಲೆಯ ಮಕ್ಕಳು ನಿನ್ನ ಮಾತು ಕೇಳಲಿ, ಚಳಿಗೆ ಕೆಮ್ಮು ಹಿಡಿಯದಿರಲಿ.

ಇಂತಿ,
ಪ್ರಮಿಳಾ ಬಂಡೆಪ್ಪ

ತಾ.ಕ. ಮೇಲೆ ಬೆಲೆಯ ಮಾತು ಆಯಿತು ಎಂದು ಬರೆದು ಮುಂದೆ ಹೋಗಿದ್ದೇನೆ. ನೀನು ಅಲ್ಲೇ ಇದ್ದೆ, ನಿನಗೆ ಗೊತ್ತು. ಹನ್ನೊಂದು ಮೆಸೇಜಿನಲ್ಲಿ ನಿನ್ನ ತಪ್ಪನ್ನೇ ಹೇಳಿಕೊಂಡಿದ್ದೀ, ನನ್ನದನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನಿನ್ನ ಮೇಲಿನ ಅರ್ಧ ಸಿಟ್ಟು ಇಳಿಯುತ್ತಿತ್ತು. ನಿಮಗೆ ತಿಳಿದಷ್ಟು ಕೊಡಿ ಎಂದು ಅವ್ವ ಅಂದಾಗ ಕಾಕು ನನ್ನ ಕಡೆ ತಿರುಗಿ, ನೀವು ಆ ಕಡೆಯವರು, ನೀನೇ ಹೇಳು ಅಂದರು. ನಾನು ಮೆಟ್ಟಿಲ ಮೇಲೆ ನಿಂತಲ್ಲಿಂದಲೇ, ಮುನ್ನೂರು ಸಾಕು, ಅಂಥದ್ದೇನೂ ಅಲ್ಲ ಅಂದೆ. ಅವ್ವ ಕಂಬಳಿ ಮಡಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ನಾನು ಹುಟ್ಟಿದಾಗಿನಿಂದ ಲೇ ಎಂದೇ ಕರೆದವಳು, “ಬರೋಬ್ಬರಿ ಹೇಳಿದ್ರಿ, ಅಕ್ಕಾರ” ಅಂದಳು. ನನ್ನವ್ವ ನನಗೆ ರೀ ಅಂದಳು, ನೇತ್ರಾ.